ಲೋಹ ಲವಣಗಳು ಮತ್ತು ಮೃದು ಅಂಗಾಂಶದ ಸುಣ್ಣಗಟ್ಟುವಿಕೆ

ಮೂಳೆ ಮತ್ತು ಹಲ್ಲುಗಳನ್ನು ಬಿಟ್ಟು ಚರ್ಮ, ಸ್ನಾಯು, ರಕ್ತನಾಳ, ಮೂತ್ರಪಿಂಡ, ಹೃದಯದ ಕವಾಟ ಮುಂತಾದ ಮೃದು ಭಾಗಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಕೂತು ಗಟ್ಟಿಯಾಗುವುದನ್ನು ಅಸಹಜ ಸುಣ್ಣಗಟ್ಟುವಿಕೆ ಎನ್ನುತ್ತಾರೆ. ಕ್ಷಯದ ಹಳೆಯ ಗಾಯ, ವಯಸ್ಸಾದ ರಕ್ತನಾಳ, ಮೂತ್ರಪಿಂಡದ ವೈಫಲ್ಯ, ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಹೀಗೆ ಇದಕ್ಕೆ ಕಾರಣಗಳು ಹಲವು. ಲೋಹಗಳ ಲವಣಗಳೂ ಆ ಕಾರಣಗಳಲ್ಲಿ ಸೇರಿವೆ. ಇಲಿಯ ಚರ್ಮದ ಕೆಳಗೆ ಸೀಸದ ಅಸಿಟೇಟಿನ ದ್ರಾವಣವನ್ನು ಸ್ವಲ್ಪವೇ ಚುಚ್ಚಿದರೂ ಕೆಲವು ದಿನಗಳಲ್ಲಿ ಆ ಜಾಗ ಬಿಳಿಯಾಗಿ, ಬೆರಳಿಗೆ ಗಟ್ಟಿಯಾಗಿ ಸಿಗುವ ಬಿಲ್ಲೆಯಾಗುತ್ತದೆ. ಆ ಬಿಲ್ಲೆಯ ಬಹುಪಾಲು ಸೀಸವಲ್ಲ, ಇಲಿಯ ರಕ್ತದಿಂದಲೇ ಬಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಸುಣ್ಣ ಮೊದಲೇ ದೇಹದಲ್ಲಿತ್ತು. ಅದು ಕಂಡಕಂಡಲ್ಲಿ ಕೂರದಂತೆ ದೇಹ ಕಟ್ಟಿಕೊಂಡಿರುವ ತಡೆಯನ್ನು ಲೋಹವು ಆ ಒಂದು ಜಾಗದಲ್ಲಿ ಮುರಿಯಿತು. ಈ ಕ್ಷೇತ್ರದ ಪ್ರಯೋಗಗಳನ್ನೂ ರೋಗಗಳನ್ನೂ ಅರ್ಥಮಾಡಿಕೊಳ್ಳಲು ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪಾವಗಡ, ಮುಂಡರಗಿ, ಕೋಲಾರದ ಕಡೆ ಕೊಳವೆಬಾವಿಯ ನೀರಿನಿಂದ ಬರುವ ಫ್ಲೋರೋಸಿಸ್ ಕಾಯಿಲೆಯಲ್ಲಿಯೂ ಮೃದು ಅಂಗಾಂಶ ಗಟ್ಟಿಯಾಗುತ್ತದೆ. ಬೆನ್ನುಮೂಳೆಯ ಅಸ್ಥಿಬಂಧಗಳು ಬಿಗಿಯುತ್ತವೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಆದರೆ ಫ್ಲೋರೈಡ್ ಲೋಹವಲ್ಲ. ಅದು ಮೂಳೆಯ ಹರಳಿನೊಳಗೇ ಸೇರಿಕೊಂಡು, ಮೂಳೆ ಕಟ್ಟುವ ಜೀವಕೋಶಗಳನ್ನು ವರ್ಷಗಟ್ಟಲೆ ಕೆರಳಿಸಿ ಈ ಹಾನಿ ಮಾಡುತ್ತದೆ. ಆ ದಾರಿಯೇ ಬೇರೆಯಾದ್ದರಿಂದ ಈ ಲೇಖನದಲ್ಲಿ ಅದನ್ನು ಸೇರಿಸಿಲ್ಲ.

ದೇಹದ ತಡೆಗಳು

ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಸ್ವಲ್ಪ ಭಾಗದಲ್ಲೇ ನರ, ಸ್ನಾಯು, ರಕ್ತ ಹೆಪ್ಪುಗಟ್ಟುವ ಕೆಲಸಗಳೆಲ್ಲ ನಡೆಯಬೇಕು. ವಯಸ್ಕರ ಪ್ರತಿ ಡೆಸಿಲೀಟರ್ ರಕ್ತರಸದಲ್ಲಿ ಸಾಮಾನ್ಯವಾಗಿ 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ, ರಂಜಕದ ಲೆಕ್ಕದಲ್ಲಿ 2.5ರಿಂದ 4.5 ಮಿಲಿಗ್ರಾಂ ಫಾಸ್ಫೇಟ್ ಇರುತ್ತವೆ. ಅಂಕಿಗಳು ಸಣ್ಣವು. ಆದರೂ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟಿನ ಕರಗುವಿಕೆ ಅತ್ಯಲ್ಪವಾದ್ದರಿಂದ, ಆ ಖನಿಜದ ಲೆಕ್ಕದಲ್ಲಿ ನಮ್ಮ ರಕ್ತ ಆಗಲೇ ಮಿತಿಮೀರಿದ ದ್ರಾವಣ. ಒಂದು ಹರಳು ಎಲ್ಲಿಯಾದರೂ ಹುಟ್ಟಿ ನಿಂತರೆ ಅದು ಬೆಳೆಯಲು ಬೇಕಾದ ಸಾಮಗ್ರಿ ಸುತ್ತಲೂ ಸಿದ್ಧವಾಗಿದೆ. ಹಾಗಿದ್ದೂ ಆರೋಗ್ಯವಂತರ ಚರ್ಮ ಮೃದುವಾಗಿ, ರಕ್ತನಾಳ ಹಿಗ್ಗುವಂತೆ ಉಳಿದಿರುವುದಕ್ಕೆ ಕಾರಣ ಹುಡುಕಲು ವಿಜ್ಞಾನಿಗಳಿಗೆ ಹಲವು ದಶಕಗಳು ಹಿಡಿದವು.

ಮೊದಲ ಸುಳಿವು ಪೈರೋಫಾಸ್ಫೇಟ್ ಎಂಬ ಸಣ್ಣ ಅಣುವಿನಿಂದ ಸಿಕ್ಕಿತು. ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟದಂತೆ ನೀರಿಗೆ ಪಾಲಿಫಾಸ್ಫೇಟ್ ಬೆರೆಸುವ ಪದ್ಧತಿ ಕೈಗಾರಿಕೆಯಲ್ಲಿ ಮೊದಲಿನಿಂದಲೂ ಇತ್ತು. ಅದೇ ಬಗೆಯ ಅಣು ಮನುಷ್ಯನ ರಕ್ತದಲ್ಲೂ ಮೂತ್ರದಲ್ಲೂ ಇದ್ದು, ಹರಳಿನ ಮೈಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುತ್ತದೆ ಎಂದು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ತೋರಿಸಿದರು. ಮೂಳೆ ಸವೆತಕ್ಕೆ ಇಂದು ಕೊಡುವ ಬಿಸ್‌ಫಾಸ್ಫೊನೇಟ್ ಔಷಧಗಳು ಆ ಸಂಶೋಧನೆಯ ಫಲ. ಯಕೃತ್ತು ತಯಾರಿಸುವ ಫೆಟುಯಿನ್-ಎ ಎಂಬ ಪ್ರೋಟೀನು ಎರಡನೆಯ ತಡೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಕಣಗಳು ಹುಟ್ಟುತ್ತಿದ್ದಂತೆಯೇ ಅದು ಅವನ್ನು ಸುತ್ತುವರಿದು, ರಕ್ತದಲ್ಲಿ ತೇಲಿಸಿಕೊಂಡೇ ಸಾಗಿಸಿಬಿಡುತ್ತದೆ. ಮೂರನೆಯದು ರಕ್ತನಾಳದ ಗೋಡೆಯಲ್ಲೂ ಮೃದ್ವಸ್ಥಿಯಲ್ಲೂ ಇರುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನು. ಇದರ ಜೀನನ್ನು ತೆಗೆದುಹಾಕಿದ ಇಲಿಮರಿಗಳ ಮಹಾಪಧಮನಿ ಸುಣ್ಣಗಟ್ಟಿ ಒಡೆದು, ಅವು ಎರಡು ತಿಂಗಳೊಳಗೆ ಸತ್ತವು ಎಂಬ ವರದಿ 1997ರಲ್ಲಿ ಪ್ರಕಟವಾಯಿತು. ಸುಣ್ಣಗಟ್ಟುವುದನ್ನು ದೇಹ ಪ್ರತಿಕ್ಷಣವೂ ತಡೆಯುತ್ತಲೇ ಇರಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಈ ಪ್ರೋಟೀನು ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಆ ವಿಟಮಿನ್ನಿನ ಕೆಲಸಕ್ಕೇ ಅಡ್ಡಬರುತ್ತದೆ. ಇದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಪಾದರಸದಿಂದ ಬೆಳ್ಳಿಯವರೆಗೆ

ರೂಡಾಲ್ಫ್ ವಿರ್ಚೋ 1855ರಲ್ಲಿ ಮೂಳೆಯಿಂದ ಕರಗಿಹೋದ ಸುಣ್ಣ ದೂರದ ಅಂಗಗಳಲ್ಲಿ ಹೋಗಿ ಕೂರುವುದನ್ನು ವಿವರಿಸಿದಂದಿನಿಂದ ರೋಗಶಾಸ್ತ್ರಜ್ಞರು ಅಸಹಜ ಸುಣ್ಣಗಟ್ಟುವಿಕೆಯನ್ನು ಎರಡು ಬಗೆಯಾಗಿ ನೋಡುತ್ತ ಬಂದಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ಫಾಸ್ಫೇಟ್ ಏರಿ, ಆರೋಗ್ಯವಾಗಿರುವ ಅಂಗಾಂಶದಲ್ಲೂ ಸುಣ್ಣ ಕೂರುವುದು ಒಂದು ಬಗೆ. ರಕ್ತದ ಮಟ್ಟ ಸರಿಯಾಗಿದ್ದೂ ಸತ್ತ ಅಥವಾ ಕೆಟ್ಟ ಅಂಗಾಂಶದಲ್ಲಿ ಕೂರುವುದು ಇನ್ನೊಂದು. ಲೋಹ ಲವಣಗಳ ಕೆಲಸ ಮೊದಲು ಕಣ್ಣಿಗೆ ಬಿದ್ದದ್ದು ಈ ಎರಡನೆಯ ಬಗೆಯಲ್ಲಿ. 19ನೆಯ ಶತಮಾನದಲ್ಲಿ ಪಾದರಸದ ಲವಣವಾದ ಮರ್ಕ್ಯುರಿಕ್ ಕ್ಲೋರೈಡ್ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಕ್ರಿಮಿನಾಶಕ. ಅದನ್ನು ನುಂಗಿದವರಲ್ಲಿ ತಕ್ಷಣ ಸಾಯದೆ ಕೆಲವು ದಿನ ಬದುಕಿದ್ದವರ ಮೂತ್ರಪಿಂಡವನ್ನು ಮರಣೋತ್ತರ ಪರೀಕ್ಷೆಯಲ್ಲಿ ಕೊಯ್ದು ನೋಡಿದಾಗ, ಸತ್ತ ನಳಿಕೆಗಳ ಒಳಗೆ ಸುಣ್ಣದ ಕಣಗಳು ಕಂಡವು. ಅದೇ ವಿಷ ಕೊಟ್ಟ ಮೊಲಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತಿತ್ತು.

ಹಂಗೇರಿಯ ಯೂಲಿಯಸ್ ಫಾನ್ ಕೋಸಾ ದೇಹದಲ್ಲಿ ಕೃತಕವಾಗಿ ಸುಣ್ಣಗಟ್ಟಿಸುವ ಬಗೆಯನ್ನು ಕುರಿತ ತಮ್ಮ ಅಧ್ಯಯನವನ್ನು 1901ರಲ್ಲಿ ಪ್ರಕಟಿಸಿದರು. ಅವರ ತೀರ್ಮಾನಗಳನ್ನು ಇಂದು ನೆನೆಯುವವರು ಕಡಿಮೆ. ಆದರೆ ಅಂಗಾಂಶದಲ್ಲಿ ಸುಣ್ಣವನ್ನು ಗುರುತಿಸಲು ಅವರು ಬಳಸಿದ ಬಣ್ಣಗೊಳಿಸುವ ವಿಧಾನ ಅವರ ಹೆಸರಿನಲ್ಲೇ ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಅಂಗಾಂಶದ ತೆಳು ಪದರವನ್ನು ಗಾಜಿನ ಮೇಲೆ ಅಂಟಿಸಿ, ಬೆಳ್ಳಿಯ ನೈಟ್ರೇಟಿನ ದ್ರಾವಣ ಹಾಕಿ ಪ್ರಖರವಾದ ಬೆಳಕಿನಲ್ಲಿ ಇಡುತ್ತಾರೆ. ಹರಳಿನಲ್ಲಿ ಕ್ಯಾಲ್ಸಿಯಂ ಇದ್ದ ಕಡೆಗೆ ಬೆಳ್ಳಿ ಹೋಗಿ ಕೂರುತ್ತದೆ. ಬೆಳಕು ಬಿದ್ದಂತೆ ಅದು ಶುದ್ಧ ಬೆಳ್ಳಿಯ ಕಣಗಳಾಗಿ, ಸುಣ್ಣವಿದ್ದಲ್ಲೆಲ್ಲ ಕಪ್ಪಾಗುತ್ತದೆ. ಮಿಕ್ಕ ಬೆಳ್ಳಿಯನ್ನು ಸೋಡಿಯಂ ಥಯೋಸಲ್ಫೇಟಿನಿಂದ ತೊಳೆಯುತ್ತಾರೆ. ಹಿಂದೆ ಫೋಟೊ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲಿ ಹೈಪೋ ಎಂದು ಬಳಸುತ್ತಿದ್ದುದು ಇದೇ ರಾಸಾಯನಿಕ. ಈ ವಿಧಾನ ತೋರಿಸುವುದು ನಿಜವಾಗಿ ಫಾಸ್ಫೇಟ್ ಮತ್ತು ಕಾರ್ಬೊನೇಟ್ ಇರುವ ಜಾಗವನ್ನೇ ಹೊರತು ಕ್ಯಾಲ್ಸಿಯಂ ಅನ್ನಲ್ಲ. ಸೀಸದ ಫಾಸ್ಫೇಟ್ ಕೂತಿದ್ದರೂ ಗಾಜು ಕಪ್ಪಾಗಬಹುದು. ಆದ್ದರಿಂದ ಲೋಹ ಲವಣಗಳ ಪ್ರಯೋಗಗಳಲ್ಲಿ ಇದೊಂದನ್ನೇ ನಂಬಿದವರು ತಪ್ಪು ದಾರಿ ಹಿಡಿಯುವ ಅಪಾಯವಿತ್ತು. ಆಲಿಜರಿನ್ ರೆಡ್ ಬಣ್ಣ, ಎಕ್ಸ್-ಕಿರಣ ವಿವರ್ತನೆ, ರಾಸಾಯನಿಕ ವಿಶ್ಲೇಷಣೆಗಳನ್ನು ಜತೆಗಿಟ್ಟುಕೊಂಡ ಮೇಲೆಯೇ ಆ ಬಿಲ್ಲೆಗಳಲ್ಲಿರುವುದು ಅಪಟೈಟ್ ಎಂಬುದು ಖಚಿತವಾದದ್ದು.

ಹಾನ್ಸ್ ಸೆಲ್ಯೆ ಅವರ ಪ್ರಯೋಗಗಳು

ಈ ವಿಷಯ ಬೇರೆ ಅಧ್ಯಯನಗಳ ಬಾಲದಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ನಿಂತದ್ದು ಹಾನ್ಸ್ ಸೆಲ್ಯೆ (1907–1982) ಅವರಿಂದ. ವಿಯೆನ್ನಾದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ವೈದ್ಯಶಾಸ್ತ್ರ ಓದಿ, ಕೆನಡಾದಲ್ಲಿ ನೆಲೆಸಿದ ಸೆಲ್ಯೆ ಹೆಸರು ಜನರಿಗೆ ಗೊತ್ತಿರುವುದು ಒತ್ತಡ, ಅಂದರೆ ಸ್ಟ್ರೆಸ್ ಕುರಿತ ಸಿದ್ಧಾಂತದಿಂದ. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಪುಟ್ಟ ಬರಹ ಅದಕ್ಕೆ ಬುನಾದಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1945ರಿಂದ ಅವರು ನಡೆಸಿದ ಪ್ರಾಯೋಗಿಕ ವೈದ್ಯಶಾಸ್ತ್ರದ ಸಂಸ್ಥೆಯಲ್ಲಿ 1960ರ ಹೊತ್ತಿಗೆ ನಡೆದ ಕೆಲಸ ಮಾತ್ರ ಅಷ್ಟು ಪ್ರಚಾರ ಪಡೆಯಲಿಲ್ಲ. ಅದರ ಫಲವಾಗಿ 'ಕ್ಯಾಲ್ಸಿಫೈಲ್ಯಾಕ್ಸಿಸ್' ಎಂಬ ಪುಸ್ತಕ 1962ರಲ್ಲಿ ಹೊರಬಂತು.

ಪ್ರಯೋಗದ ರಚನೆ ಸರಳ. ಇಲಿಗೆ ಮೊದಲು ವಿಟಮಿನ್ ಡಿ ಅಥವಾ ಅದರ ಬಂಧುವಾದ ಡೈಹೈಡ್ರೋಟ್ಯಾಕಿಸ್ಟೆರಾಲನ್ನು ಬಾಯಿಯ ಮೂಲಕ ಕೊಡುತ್ತಿದ್ದರು. ಪ್ಯಾರಾಥೈರಾಯ್ಡ್ ಹಾರ್ಮೋನು ಕೊಟ್ಟರೂ, ಮೂತ್ರಪಿಂಡಗಳನ್ನು ತೆಗೆದರೂ ಇದೇ ಸ್ಥಿತಿ ಬರುತ್ತಿತ್ತು. ಇದು ಪೂರ್ವಸಿದ್ಧತೆ. ಆಮೇಲೆ, ಸಾಮಾನ್ಯವಾಗಿ ಒಂದು ದಿನ ಬಿಟ್ಟು, ಬೆನ್ನಿನ ಚರ್ಮದಡಿ ಕಬ್ಬಿಣ, ಕ್ರೋಮಿಯಂ ಅಥವಾ ಅಲ್ಯೂಮಿನಿಯಂನ ಕ್ಲೋರೈಡನ್ನು ಚುಚ್ಚುತ್ತಿದ್ದರು. ಇದು ಕೆರಳಿಕೆ. ಕೆಲವೇ ದಿನಗಳಲ್ಲಿ ಚುಚ್ಚಿದ ಜಾಗ ಗಡುಸಾಗಿ ಸುಣ್ಣಗಟ್ಟುತ್ತಿತ್ತು. ಎರಡರಲ್ಲಿ ಒಂದನ್ನು ಬಿಟ್ಟರೆ ಆ ಜಾಗದಲ್ಲಿ ಸುಣ್ಣ ಕಾಣುತ್ತಿರಲಿಲ್ಲ. ನಡುವಿನ ಅಂತರ ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ಫಲ ಸಿಗುತ್ತಿರಲಿಲ್ಲ. ಲೋಹದ ಬದಲು ಮೊಟ್ಟೆಯ ಬಿಳಿ ಚುಚ್ಚಿದರೂ ಆಗುತ್ತಿತ್ತು. ಬೆನ್ನಿನ ಒಂದು ತುಂಡು ಜಾಗದ ಕೂದಲು ಕಿತ್ತರೂ ಸಾಕು, ಕಿತ್ತಷ್ಟೇ ಜಾಗ ಗಟ್ಟಿಯಾಗುತ್ತಿತ್ತು. ಕೆಲವು ಪ್ರಯೋಗಗಳಲ್ಲಿ ಚರ್ಮದ ದೊಡ್ಡ ಭಾಗವೇ ಸುಣ್ಣಗಟ್ಟಿ, ಹಾವು ಪೊರೆ ಬಿಡುವಂತೆ ಕಳಚಿಬಿದ್ದು, ಅದರಡಿ ಹೊಸ ಚರ್ಮ ಬಂದಿರುತ್ತಿತ್ತು. ಈ ಚರ್ಮ ಕಳಚುವಿಕೆಯ ವರದಿ 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು.

ಒಮ್ಮೆ ಪರಿಚಯವಾದ ಪರಕೀಯ ವಸ್ತುವಿಗೆ ಎರಡನೆಯ ಬಾರಿ ದೇಹ ಥಟ್ಟನೆ ಎದುರೇಳುವ ಅನಾಫೈಲ್ಯಾಕ್ಸಿಸ್ ಸೆಲ್ಯೆ ಅವರಿಗೆ ಮಾದರಿಯಾಗಿ ಕಂಡಿತ್ತು; ಈ ಕ್ರಿಯೆಗೆ ಅವರು ಕ್ಯಾಲ್ಸಿಫೈಲ್ಯಾಕ್ಸಿಸ್ ಎಂದು ಹೆಸರಿಟ್ಟದ್ದು ಅದರಿಂದಲೇ. ಇಲ್ಲಿಯೂ ಮೊದಲು ಸಿದ್ಧತೆ, ಆಮೇಲೆ ಕೆರಳಿಕೆ. ಸುಣ್ಣಗಟ್ಟುವುದು ಒಂದು ಬಗೆಯ ರಕ್ಷಣಾ ಕ್ರಿಯೆಯಿರಬಹುದೆಂದೂ ಅವರು ಭಾವಿಸಿದ್ದರು. ಆದರೆ ಅನಾಫೈಲ್ಯಾಕ್ಸಿಸ್‌ನಲ್ಲಿ ಮೊದಲು ಕೊಟ್ಟದ್ದನ್ನೇ ಮತ್ತೆ ಕೊಡಬೇಕು. ಇಲ್ಲಿ ವಿಟಮಿನ್ ಬೇರೆ, ಲೋಹ ಬೇರೆ. ಪ್ರತಿಕಾಯದ ಪಾತ್ರವೂ ಇಲ್ಲ. ಹೋಲಿಕೆ ಹೊರಗಿನದು. ಆದರೂ ಅವರು ಎತ್ತಿದ ಪ್ರಶ್ನೆಯ ಬೆಲೆ ಕುಗ್ಗುವುದಿಲ್ಲ. ಇಡೀ ದೇಹದ ರಕ್ತ ಒಂದೇ ಆಗಿರುವಾಗ ಸುಣ್ಣ ಇಲ್ಲೇ ಏಕೆ ಕೂರುತ್ತದೆ, ಅಲ್ಲೇಕೆ ಇಲ್ಲ? ಅವರಿಗಿಂತ ಮೊದಲು ಇದನ್ನು ಇಷ್ಟು ಪಟ್ಟುಹಿಡಿದು ಕೇಳಿದವರಿಲ್ಲ.

ಇದೇ ಸಂಸ್ಥೆಯಲ್ಲಿ ಇನ್ನೊಂದು ಗುಂಪಿನ ಲವಣಗಳು ಬೆಳಕಿಗೆ ಬಂದವು. ಸೀಸದ ಅಸಿಟೇಟ್, ಪೊಟ್ಯಾಸಿಯಂ ಪರ್ಮಾಂಗನೇಟ್, ಸೀರಿಯಂ, ಲ್ಯಾಂಥನಂ ಮೊದಲಾದ ವಿರಳ ಭೂಲೋಹಗಳ ಕ್ಲೋರೈಡುಗಳಿಗೆ ಯಾವ ಪೂರ್ವಸಿದ್ಧತೆಯೂ ಬೇಡ. ವಿಟಮಿನ್ ಡಿ ಕೊಡದ ಆರೋಗ್ಯವಂತ ಇಲಿಯಲ್ಲೂ ಅವು ಚುಚ್ಚಿದ ಜಾಗದಲ್ಲಿ ಸುಣ್ಣಗಟ್ಟಿಸುತ್ತವೆ. ಸೆಲ್ಯೆ ಇದಕ್ಕೆ ಕ್ಯಾಲ್ಸರ್ಜಿ ಎಂದು ಬೇರೆ ಹೆಸರಿಟ್ಟರು. ಪರ್ಮಾಂಗನೇಟ್ ನಮ್ಮ ಮನೆಗಳಲ್ಲೂ ಗೊತ್ತಿರುವ ವಸ್ತು. ತುಂಬ ತೆಳ್ಳಗೆ ಕರಗಿಸಿ ಗಾಯ ತೊಳೆಯಲು, ಚರ್ಮರೋಗಕ್ಕೆ ಕಾಲು ನೆನೆಸಲು ಬಳಸುತ್ತಾರೆ. ಆ ಬಳಕೆಗೂ ಈ ಪ್ರಯೋಗಕ್ಕೂ ಸಂಬಂಧವಿಲ್ಲ. ಇಲ್ಲಿ ಅದನ್ನು ಚರ್ಮದ ಅಡಿಗೆ ಚುಚ್ಚಲಾಗಿತ್ತು. ಇಲಿಗಳಲ್ಲಿ ಇಷ್ಟು ಸುಲಭವಾಗಿ ಕಂಡದ್ದು ಎಲ್ಲ ಪ್ರಾಣಿಗಳಲ್ಲೂ ಅದೇ ಪ್ರಮಾಣದಲ್ಲಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಲೋಹ ಮಾಡುವುದೇನು?

ಒಂದೇ ಉತ್ತರ ಎಲ್ಲ ಲೋಹಗಳಿಗೂ ಹೊಂದುವುದಿಲ್ಲ. ನಾಲ್ಕೈದು ಕ್ರಿಯೆಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ.

ಸೀಸ, ಸೀರಿಯಂ, ಲ್ಯಾಂಥನಂಗಳ ಫಾಸ್ಫೇಟುಗಳು ನೀರಿನಲ್ಲಿ ಬಹುಮಟ್ಟಿಗೆ ಕರಗುವುದೇ ಇಲ್ಲ. ಚುಚ್ಚಿದೊಡನೆ ಅವು ಸುತ್ತಲಿನ ಫಾಸ್ಫೇಟನ್ನು ಹಿಡಿದು ಸೂಕ್ಷ್ಮ ಕಣಗಳಾಗಿ ಕೂರುತ್ತವೆ, ಕ್ಯಾಲ್ಸಿಯಂ ಆಮೇಲೆ ಬರುತ್ತದೆ. ಇಲ್ಲಿ ಅಯಾನುಗಳ ಗಾತ್ರವನ್ನು ಗಮನಿಸಬೇಕು. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ ಸುಮಾರು 1.00 ಆಂಗ್‌ಸ್ಟ್ರಮ್, ಸೀರಿಯಂನದು 1.01, ಲ್ಯಾಂಥನಂನದು 1.03. ಗಾತ್ರ ಒಂದೇ, ವಿದ್ಯುದಂಶ ಮಾತ್ರ ಎರಡರ ಬದಲು ಮೂರು. ಹಾಗಾಗಿ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲೇ ಇವು ಕೂರಬಲ್ಲವು, ಫಾಸ್ಫೇಟನ್ನು ಅದಕ್ಕಿಂತ ಬಿಗಿಯಾಗಿ ಹಿಡಿಯಬಲ್ಲವು. ಸೀಸದ ಅಯಾನು ತುಸು ದೊಡ್ಡದು, ಸುಮಾರು 1.19, ಆದರೂ ಅಪಟೈಟಿನ ಚೌಕಟ್ಟಿಗೆ ಅದು ಹೊಂದುತ್ತದೆ. ಸೀಸದ ವಿಷವೇರಿದವರ ಮೂಳೆಯಲ್ಲಿ ಅದು ದಶಕಗಳ ಕಾಲ ಅಡಗಿರುವುದು ಇದರಿಂದಲೇ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಯಾನುಗಳು ಬಹಳ ಚಿಕ್ಕವು, ಕ್ರಮವಾಗಿ 0.65 ಮತ್ತು 0.54ರ ಆಸುಪಾಸು. ಅವೂ ಫಾಸ್ಫೇಟನ್ನು ಬಿಗಿಯಾಗಿ ಹಿಡಿಯುತ್ತವೆ, ಆದರೆ ಅಪಟೈಟಿನಲ್ಲಿ ಚೆನ್ನಾಗಿ ಹೊಂದುವುದಿಲ್ಲ. ಮೊದಲ ಗುಂಪಿಗೆ ಪೂರ್ವಸಿದ್ಧತೆ ಬೇಡವಾಗಿ ಎರಡನೆಯದಕ್ಕೆ ಬೇಕಾದದ್ದರಲ್ಲಿ ಈ ವ್ಯತ್ಯಾಸದ ಪಾಲೂ ಇರಬಹುದೆಂದು ಊಹಿಸಬಹುದು. ಪರ್ಮಾಂಗನೇಟಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದು ತೀವ್ರ ಉತ್ಕರ್ಷಕ. ಕಾಲಜನ್ ನಾರುಗಳನ್ನೇ ಕೆಡಿಸುತ್ತದೆ.

ನಾರುಗಳ ಪಾತ್ರ ದೊಡ್ಡದು. ಸುಣ್ಣ ಮೊದಲು ಕಾಣಿಸಿಕೊಳ್ಳುವುದು ಬಹಳ ಸಲ ಕಾಲಜನ್ ಮತ್ತು ಎಲಾಸ್ಟಿನ್ ನಾರುಗಳ ಉದ್ದಕ್ಕೆ. ಲೋಹದ ಅಯಾನು ನಾರಿಗೆ ಅಂಟಿ, ಅದರ ಮಡಿಕೆ ಬಿಚ್ಚಿ, ಫಾಸ್ಫೇಟು ಬಂದು ಹಿಡಿದುಕೊಳ್ಳುವ ಜಾಗಗಳನ್ನು ತೆರೆದಿಡುತ್ತದೆ. ಪ್ರಯೋಗವಿಲ್ಲದೆ ತಾನೇತಾನಾಗಿ ಇದು ನಡೆಯುವುದನ್ನು ಗುಲ್ಮದಲ್ಲಿ ನೋಡಬಹುದು. ಯಕೃತ್ತಿನ ರಕ್ತನಾಳದ ಒತ್ತಡ ಏರಿದವರಲ್ಲಿ, ಕುಡಗೋಲು ಕಣ ರಕ್ತಹೀನತೆ ಇರುವವರಲ್ಲಿ ಗುಲ್ಮದೊಳಗೆ ಮತ್ತೆಮತ್ತೆ ಸಣ್ಣ ರಕ್ತಸ್ರಾವಗಳಾಗುತ್ತವೆ. ಒಡೆದ ರಕ್ತಕಣಗಳ ಕಬ್ಬಿಣ ಅಲ್ಲಿನ ನಾರುಗಳ ಮೇಲೆ ಕೂತು, ಅದರ ಜತೆ ಸುಣ್ಣವೂ ಕೂತು ಹಳದಿ ಕಂದು ಗಂಟುಗಳಾಗುತ್ತವೆ. ಗ್ಯಾಂಡಿ–ಗಾಮ್ನಾ ಗಂಟುಗಳೆಂಬ ಹೆಸರಿನ ಇವು ಎಂ.ಆರ್.ಐ. ಚಿತ್ರದಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಪದೇಪದೇ ರಕ್ತಸ್ರಾವವಾದ ಶ್ವಾಸಕೋಶದಲ್ಲೂ ಎಲಾಸ್ಟಿನ್ ನಾರುಗಳಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮೆತ್ತಿಕೊಂಡಿರುವುದನ್ನು ರೋಗಶಾಸ್ತ್ರಜ್ಞರು ಕಂಡಿದ್ದಾರೆ.

ಜೀವಕೋಶದ ಸಾವೂ ಇದರಲ್ಲಿ ಸೇರಿದೆ. ಕೋಶದ ಒಳಗಿಗಿಂತ ಹೊರಗೆ ಸ್ವತಂತ್ರ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪಾದರಸದಂಥ ಲೋಹ ಕೋಶದ ಪೊರೆಯನ್ನು ಕೆಡಿಸಿದಾಗ ಅದು ಒಳಗೆ ನುಗ್ಗುತ್ತದೆ. ಮೈಟೋಕಾಂಡ್ರಿಯಾಗಳು ಅದನ್ನು ತುಂಬಿಕೊಳ್ಳುತ್ತ ಹೋಗಿ, ಕೊನೆಗೆ ಅವೇ ಹರಳಿನ ಬೀಜಗಳಾಗುತ್ತವೆ. ಸೆಲ್ಯೆ ಅವರ ಗಮನ ಹೆಚ್ಚಾಗಿ ಹರಿದದ್ದು ಮಾಸ್ಟ್ ಕೋಶಗಳ ಕಡೆಗೆ. ಹೆಪಾರಿನ್, ಹಿಸ್ಟಮಿನ್ ತುಂಬಿದ ಕಣಗಳನ್ನು ಹೊತ್ತ ಈ ಕೋಶಗಳು ಲೋಹಗಳನ್ನು ಹೀರಿಕೊಳ್ಳುತ್ತವೆ. ಅವನ್ನು ಒಡೆದು ಖಾಲಿ ಮಾಡಿಸುವ ಪಾಲಿಮಿಕ್ಸಿನ್‌ನಂಥ ವಸ್ತುಗಳು ತಾವೇ ಕೆರಳಿಕೆಯಾಗಿ ಕೆಲಸ ಮಾಡುತ್ತಿದ್ದವು. 1965ರಲ್ಲಿ ಅವರು ಮಾಸ್ಟ್ ಕೋಶಗಳ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದರು. ಮೇಲೆ ಹೇಳಿದ ಪೈರೋಫಾಸ್ಫೇಟನ್ನು ಲೋಹವು ತನ್ನೆಡೆಗೆ ಎಳೆದುಕೊಂಡು ತಡೆಯನ್ನೇ ಸಡಿಲಿಸುತ್ತದೆ ಎಂಬ ವಿವರಣೆಯೂ ಉಂಟು. ಸುಟ್ಟಗಾಯದ ಚಿಕಿತ್ಸೆಯ ವಿಷಯ ಬಂದಾಗ ಅದನ್ನು ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ.

ಮನುಷ್ಯರಲ್ಲಿ: ಕ್ಯಾಲ್ಸಿಯಂ ಲವಣಗಳೇ ಕಾರಣವಾದಾಗ

ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಾಣಸಿಗುವ ಉದಾಹರಣೆಯಲ್ಲಿ ಲವಣ ಕ್ಯಾಲ್ಸಿಯಂನದ್ದೇ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ನವಜಾತ ಶಿಶುವಿಗೆ ಕ್ಯಾಲ್ಸಿಯಂ ಗ್ಲುಕೊನೇಟನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಕೈಯ ಅಥವಾ ಕಾಲಿನ ಸಣ್ಣ ರಕ್ತನಾಳದಿಂದ ಸೂಜಿ ಜರುಗಿ ದ್ರಾವಣ ಸುತ್ತಲಿನ ಅಂಗಾಂಶಕ್ಕೆ ಸೋರಿದರೆ ಮೊದಲು ಕೆಂಪಾಗಿ ಊದಿಕೊಳ್ಳುತ್ತದೆ. ಒಂದೆರಡು ವಾರಗಳಲ್ಲಿ ಆ ಜಾಗ ಗಟ್ಟಿಯಾಗುತ್ತದೆ, ಎಕ್ಸ್-ರೇಯಲ್ಲಿ ಬೆಳ್ಳನೆಯ ಗೆರೆಗಳು ಕಾಣಿಸುತ್ತವೆ. ಡ್ರಿಪ್ಪಿನ ವಿಷಯ ಗೊತ್ತಿಲ್ಲದವರಿಗೆ ಇದು ಕೀವುಗಟ್ಟಿದಂತೆಯೋ ಮೂಳೆಯ ಸೋಂಕಿನಂತೆಯೋ ಕಾಣಬಹುದು. ಹಾಗೆಂದು ಕೊಯ್ಯಲು ಹೊರಡುವ ಮುನ್ನ ಮಗುವಿನ ಹಳೆಯ ಕೇಸ್ ಶೀಟನ್ನು ತಿರುವಿ ನೋಡುವುದು ಎಲ್ಲಕ್ಕಿಂತ ಉಪಯುಕ್ತ. ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಇದು ತಾನಾಗಿಯೇ ಕರಗಿಹೋಗುತ್ತದೆ.

ಸೋರಿಕೆಯಿಲ್ಲದೆಯೂ ಇದು ಆಗಬಹುದು. ಹಿಂದೆ ಮಿದುಳಿನ ವಿದ್ಯುತ್ ಪರೀಕ್ಷೆಗೆ ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಲು ಬಳಸುತ್ತಿದ್ದ ಕೆಲವು ಪೇಸ್ಟುಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತಿತ್ತು. ಚರ್ಮ ತರಚಿದ್ದ ಮಕ್ಕಳಲ್ಲಿ ಅಂಟಿಸಿದ್ದ ಕಡೆಯೇ ಸುಣ್ಣದ ಗಂಟುಗಳಾದದ್ದು ವರದಿಯಾಗಿದೆ. ತೈಲಬಾವಿ ಮತ್ತು ಗಣಿಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನು ಕೈಯಾರೆ ಬಳಸುವ ಕೆಲಸಗಾರರ ಕೈಕಾಲುಗಳಲ್ಲೂ ಹೀಗಾಗಿದೆ. ಮೂತ್ರಪಿಂಡ ಕೆಟ್ಟವರಿಗೆ ಹೊಟ್ಟೆಯ ಚರ್ಮದಡಿ ಕ್ಯಾಲ್ಸಿಯಂ ರೂಪದ ನ್ಯಾಡ್ರೋಪರಿನ್ ಚುಚ್ಚಿದಾಗ, ಚುಚ್ಚಿದ ಜಾಗಗಳು ಗಂಟುಕಟ್ಟಿದ ಪ್ರಕರಣಗಳಿವೆ. ಕೊನೆಯ ಉದಾಹರಣೆಯನ್ನು ಸೆಲ್ಯೆ ಅವರ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿದರೆ ರಚನೆ ಒಂದೇ: ಮೂತ್ರಪಿಂಡದ ವೈಫಲ್ಯದಿಂದ ಫಾಸ್ಫೇಟ್ ಏರಿದ ದೇಹ, ಮೇಲೆ ಒಂದು ಸೂಜಿಯ ಗಾಯ, ಜತೆಗೊಂದು ಲವಣ.

ಒಂದೇ ಹೆಸರಿನ ಇನ್ನೊಂದು ರೋಗ

ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಅಪರೂಪಕ್ಕೆ ಬರುವ ಒಂದು ಭಯಂಕರ ರೋಗವನ್ನೂ ಇಂದು ಕ್ಯಾಲ್ಸಿಫೈಲ್ಯಾಕ್ಸಿಸ್ ಎಂದೇ ಕರೆಯುತ್ತಾರೆ. ತೊಡೆ, ಹೊಟ್ಟೆ, ಸ್ತನಗಳಂಥ ಕೊಬ್ಬು ಹೆಚ್ಚಿರುವ ಕಡೆ ಚರ್ಮದಲ್ಲಿ ಬಲೆಯಂಥ ನೇರಳೆ ಗೆರೆಗಳು ಕಾಣಿಸಿಕೊಳ್ಳುತ್ತವೆ. ನೋವು ಎಷ್ಟೆಂದರೆ ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ಆಮೇಲೆ ಚರ್ಮ ಕಪ್ಪಾಗಿ ಸತ್ತು, ಆಳವಾದ ಹುಣ್ಣಾಗಿ, ಅಲ್ಲಿಂದ ಸೋಂಕು ರಕ್ತಕ್ಕೆ ಸೇರುತ್ತದೆ. ಹುಣ್ಣಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವರ್ಷದೊಳಗೆ ಸಾಯುತ್ತಾರೆಂದು ಹಲವು ವರದಿಗಳು ಹೇಳುತ್ತವೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಬ್ರಯಂಟ್ ಮತ್ತು ವೈಟ್ 1898ರಲ್ಲಿ ಆರು ತಿಂಗಳ ಮಗುವಿನ ರಕ್ತನಾಳಗಳು ಸುಣ್ಣಗಟ್ಟಿದ್ದನ್ನು ವರದಿ ಮಾಡಿದ್ದರು. ಈ ರೋಗದ ಮೊದಲ ವಿವರಣೆಯೆಂದು ಅದನ್ನೇ ಹೆಸರಿಸುತ್ತಾರೆ.

ಇಲಿಯ ಸುಣ್ಣದ ಬಿಲ್ಲೆಗೂ ಈ ಹುಣ್ಣಿಗೂ ವ್ಯತ್ಯಾಸ ದೊಡ್ಡದು. ಸೆಲ್ಯೆ ಅವರ ಇಲಿಗಳಲ್ಲಿ ಸುಣ್ಣ ಕೂತದ್ದು ಚರ್ಮದ ನಾರುಗಳ ನಡುವೆ. ಮನುಷ್ಯರ ಈ ರೋಗದಲ್ಲಿ ಅದು ಕೂರುವುದು ಚರ್ಮಕ್ಕೂ ಕೊಬ್ಬಿಗೂ ರಕ್ತ ಒಯ್ಯುವ ಸೂಕ್ಷ್ಮ ಧಮನಿಗಳ ಗೋಡೆಯಲ್ಲಿ. ಆ ನಾಳಗಳು ಕಿರಿದಾಗಿ, ಹೆಪ್ಪುಗಟ್ಟಿ, ರಕ್ತವಿಲ್ಲದೆ ಚರ್ಮ ಸಾಯುತ್ತದೆ. ಹೀಗಾಗಿ ಈ ರೋಗಕ್ಕೆ ಸೆಲ್ಯೆ ಅವರ ಪದವನ್ನು ತಂದು ಹಚ್ಚಿದ್ದು ಸರಿಯಲ್ಲವೆಂದು, ಯುರೀಮಿಯದ, ಅಂದರೆ ಮೂತ್ರಪಿಂಡ ಕೆಟ್ಟ ಸ್ಥಿತಿಯ, ಕಿರುಧಮನಿ ಸುಣ್ಣಗಟ್ಟುವಿಕೆ ಎಂಬ ಅರ್ಥದ ಹೆಸರನ್ನು ಹಲವರು ಬಳಸುತ್ತಾರೆ. ಅವರ ಆಕ್ಷೇಪ ನ್ಯಾಯವಾದದ್ದು. ಇಲಿಯ ಪ್ರಯೋಗವನ್ನು ಓದಿ ರೋಗಿಯ ಬಗ್ಗೆ ತೀರ್ಮಾನಕ್ಕೆ ಬರುವ ತಪ್ಪಿಗೆ ಹಳೆಯ ಹೆಸರು ಎಡೆ ಮಾಡಿಕೊಡುತ್ತದೆ.

ಆದರೂ ಎರಡರ ನಡುವಿನ ನಂಟು ಪೂರ್ತಿ ಕಡಿದುಹೋಗಿಲ್ಲ. ಫಾಸ್ಫೇಟಿನ ಏರಿಕೆ, ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಔಷಧಗಳು, ಬೊಜ್ಜು, ಮಧುಮೇಹ ಇವು ಅಪಾಯವನ್ನು ಹೆಚ್ಚಿಸುತ್ತವೆ. ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನಿಗೆ ಅಡ್ಡಬರುವ ವಾರ್ಫರಿನ್ ಸೇವಿಸುವವರಲ್ಲಿ ಈ ರೋಗ ಎದ್ದು ಕಾಣುವಷ್ಟು ಹೆಚ್ಚು. ಇನ್ಸುಲಿನ್ ಚುಚ್ಚಿದ ಜಾಗದಲ್ಲೇ ಹುಣ್ಣು ಶುರುವಾದದ್ದೂ ಉಂಟು. ಲೋಹಗಳ ಬಗೆಗಿನ ಸಂಶಯವೂ ಹೋಗಿಲ್ಲ. ಡಯಾಲಿಸಿಸ್ ರೋಗಿಗಳು ರಕ್ತಹೀನತೆಗಾಗಿ ರಕ್ತನಾಳದ ಮೂಲಕ ಕಬ್ಬಿಣ ಪಡೆಯುತ್ತಾರೆ. ಹಿಂದೆ ಫಾಸ್ಫೇಟ್ ಇಳಿಸಲು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ನುಂಗುತ್ತಿದ್ದರು, ಡಯಾಲಿಸಿಸ್ ನೀರಿನಿಂದಲೂ ಅಲ್ಯೂಮಿನಿಯಂ ದೇಹ ಸೇರಿ 1970ರ ದಶಕದಲ್ಲಿ ಮಿದುಳಿಗೂ ಮೂಳೆಗೂ ಹಾನಿಯಾಗಿತ್ತು. ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ರೋಗಿಗಳ ಚರ್ಮದ ತುಣುಕುಗಳಲ್ಲಿ ಕಬ್ಬಿಣವೂ ಅಲ್ಯೂಮಿನಿಯಂ ಕೂಡ ಸೇರಿರುವುದನ್ನು ಕಂಡಿತು. ಲೋಹ ಅಲ್ಲಿತ್ತು ಎಂದಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಸುಣ್ಣ ಕೂತ ಮೇಲೆ ಲೋಹ ಬಂದು ಅಂಟಿಕೊಂಡಿರಲೂಬಹುದು. ಕಬ್ಬಿಣದ ಇಂಜೆಕ್ಷನ್ ಲಕ್ಷಾಂತರ ರೋಗಿಗಳಿಗೆ ಅಗತ್ಯವಾದ ಚಿಕಿತ್ಸೆ. ಹೆದರಿ ಅದನ್ನು ಬಿಡುವುದಕ್ಕೆ ಈ ಸಾಕ್ಷ್ಯ ಸಾಲದು.

ಚಿಕಿತ್ಸೆಯಲ್ಲಿ ಸೋಡಿಯಂ ಥಯೋಸಲ್ಫೇಟ್ ಮತ್ತೆ ಬರುತ್ತದೆ. ಫಾನ್ ಕೋಸಾ ವಿಧಾನದಲ್ಲಿ ಬೆಳ್ಳಿ ತೊಳೆಯುವ ಅದೇ ವಸ್ತುವನ್ನು, ಡಯಾಲಿಸಿಸ್ ನಡೆಯುವಾಗ ವಾರಕ್ಕೆ ಮೂರು ಸಲ ಸಾಮಾನ್ಯವಾಗಿ 25 ಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ. ಇದರಿಂದ ಹುಣ್ಣು ಮಾಯ್ದ ರೋಗಿಯೊಬ್ಬರ ವರದಿ 2004ರಲ್ಲಿ ಬಂದ ಮೇಲೆ ಬಳಕೆ ಬೇಗ ಹರಡಿತು. ಕ್ಯಾಲ್ಸಿಯಂ ಜತೆ ಸೇರಿ ಅದನ್ನು ಕರಗಿಸುತ್ತದೆಯೋ, ರಕ್ತನಾಳವನ್ನು ಹಿಗ್ಗಿಸಿ ನೋವು ತಗ್ಗಿಸುತ್ತದೆಯೋ ಎಂಬ ಚರ್ಚೆ ಇನ್ನೂ ನಡೆದಿದೆ.

ಗ್ಯಾಡೋಲಿನಿಯಂ

ವಿರಳ ಭೂಲೋಹವೊಂದು ಮನುಷ್ಯರ ಚರ್ಮವನ್ನು ಕೆಡಿಸಿದ್ದಕ್ಕೆ ಖಚಿತವಾದ ಉದಾಹರಣೆ ಗ್ಯಾಡೋಲಿನಿಯಂ. ಎಂ.ಆರ್.ಐ. ಚಿತ್ರ ಸ್ಪಷ್ಟವಾಗಿ ಬರಲು ಚುಚ್ಚುವ ದ್ರಾವಣದಲ್ಲಿ ಇದು ಇರುತ್ತದೆ. ಬಿಡಿ ಅಯಾನು ವಿಷವಾದ್ದರಿಂದ ದೊಡ್ಡ ಸಾವಯವ ಅಣುವಿನೊಳಗೆ ಬಿಗಿದು ಕೊಡುತ್ತಾರೆ. ಮೂತ್ರಪಿಂಡ ಸರಿಯಿದ್ದರೆ ಅದು ಬೇಗ ಹೊರಹೋಗುತ್ತದೆ. ಕೆಟ್ಟಿದ್ದರೆ ವಾರಗಟ್ಟಲೆ ಒಳಗೇ ಉಳಿದು, ಬಿಗಿತ ಸಡಿಲವಾದ ಅಣುಗಳಿಂದ ಲೋಹ ಕಳಚಿಕೊಳ್ಳುತ್ತದೆ. 1997ರಿಂದ ಅಮೆರಿಕದಲ್ಲಿ ಕಂಡುಬಂದ ಕೆಲವು ಮೂತ್ರಪಿಂಡ ರೋಗಿಗಳ ಕೈಕಾಲಿನ ಚರ್ಮ ಹಲಗೆಯಂತೆ ಬಿಗಿದು, ಕೀಲುಗಳನ್ನು ಮಡಿಸಲಾಗದಂತಾಗಿತ್ತು. ಇದರ ಮೊದಲ ವಿವರಣೆ 2000ದಲ್ಲಿ ಬಂತು. ಗ್ಯಾಡೋಲಿನಿಯಂ ಜತೆಗಿನ ಸಂಬಂಧವನ್ನು ಆಸ್ಟ್ರಿಯದ ವೈದ್ಯ ಗ್ರೋಬ್ನರ್ 2006ರಲ್ಲಿ ತೋರಿಸಿದರು. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ದ್ರಾವಣಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತು.

ಈ ರೋಗದ ಮುಖ್ಯ ಲಕ್ಷಣ ನಾರುಗಟ್ಟುವಿಕೆ, ಸುಣ್ಣಗಟ್ಟುವಿಕೆ ಅದರ ಜತೆಗಾರ. ಚರ್ಮದ ತುಣುಕುಗಳಲ್ಲಿ ಗ್ಯಾಡೋಲಿನಿಯಂ, ಕ್ಯಾಲ್ಸಿಯಂ, ಫಾಸ್ಫೇಟ್ ಮೂರೂ ಒಂದೇ ಜಾಗದಲ್ಲಿ ಸಿಕ್ಕವು. ಕೆಲವರಲ್ಲಿ ಎಲಾಸ್ಟಿನ್ ನಾರಿನ ಸುತ್ತ ಮೂಳೆಯ ಕಚ್ಚಾವಸ್ತುವಿನಂಥ ಪುಟ್ಟ ಉಂಡೆಗಳೂ ಇದ್ದವು. ಸೀರಿಯಂ, ಲ್ಯಾಂಥನಂಗಳು ಇಲಿಯ ಚರ್ಮದಲ್ಲಿ ಮಾಡಿದ್ದನ್ನು ಸೆಲ್ಯೆ ಬರೆದಿಟ್ಟು ನಾಲ್ಕು ದಶಕಗಳಾಗಿತ್ತು. ಅದೇ ಕುಟುಂಬದ ಲೋಹ ಮನುಷ್ಯರ ರಕ್ತಕ್ಕೆ ಹೋಗುವಾಗ ಆ ಹಳೆಯ ಪುಟಗಳನ್ನು ಯಾರಾದರೂ ತೆರೆದು ನೋಡಬೇಕಿತ್ತು ಎನ್ನಿಸದಿರದು. ಲೋಹವನ್ನು ಉಂಗುರದಂತೆ ಸುತ್ತುವರಿದು ಬಿಗಿಯಾಗಿ ಹಿಡಿಯುವ ಅಣುಗಳು ಬಳಕೆಗೆ ಬಂದು, ಪರೀಕ್ಷೆಗೆ ಮೊದಲು ಮೂತ್ರಪಿಂಡದ ಸ್ಥಿತಿ ನೋಡುವ ರೂಢಿ ಬಂದ ಮೇಲೆ ಹೊಸ ರೋಗಿಗಳು ಈಗ ಬಹುತೇಕ ಕಾಣುತ್ತಿಲ್ಲ.

ಉಪಕಾರಕ್ಕೆ ಬಂದ ಲೋಹಗಳು

ಸುಟ್ಟಗಾಯಕ್ಕೆ ಸೀರಿಯಂ ನೈಟ್ರೇಟ್ ಹಚ್ಚುವ ಚಿಕಿತ್ಸೆಯನ್ನು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಮೊನಾಫೋ ಮತ್ತು ಸಂಗಡಿಗರು 1976ರಲ್ಲಿ ಪರಿಚಯಿಸಿದರು. ಬೆಳ್ಳಿಯ ಸಲ್ಫಾಡಯಾಜಿನ್ ಜತೆ ಸೇರಿಸಿದ ಮುಲಾಮಾಗಿ ಅದು ಯೂರೋಪಿನಲ್ಲಿ ಹೆಚ್ಚು ಬಳಕೆಯಾಯಿತು. ಉದ್ದೇಶ ಸೋಂಕು ತಡೆಯುವುದಾಗಿತ್ತು. ಹಚ್ಚಿದ ಮೇಲೆ ಸುಟ್ಟ ಚರ್ಮ ಹಳದಿ ಹಸಿರು ಬಣ್ಣದ, ತೊಗಲಿನಂಥ ಗಟ್ಟಿ ಹೊದಿಕೆಯಾಗಿ ನಿಲ್ಲುವುದು ವೈದ್ಯರ ಗಮನಕ್ಕೆ ಬಂತು. ಆ ಹೊದಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬೆಲ್ಜಿಯಂನ ಸಂಶೋಧಕರು 1992ರಲ್ಲಿ ಅದು ಸುಣ್ಣಗಟ್ಟಿದೆಯೆಂದು ತೋರಿಸಿ, ಸೀರಿಯಂ ಪೈರೋಫಾಸ್ಫೇಟನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಕೂರಲು ದಾರಿ ಬಿಡುತ್ತದೆ ಎಂಬ ಊಹೆ ಮುಂದಿಟ್ಟರು. ಇಲಿಯಲ್ಲಿ ಹಾನಿಯೆಂದು ಕಂಡದ್ದು ಇಲ್ಲಿ ಗಾಯವನ್ನು ಮುಚ್ಚಿ ಕಾಯುವ ಕವಚ. ಸುಟ್ಟ ರೋಗಿಗೆ ಚರ್ಮದ ಕಸಿ ಮಾಡುವವರೆಗೆ ಕೆಲವು ದಿನ ಸಿಕ್ಕರೂ ಅದು ಜೀವ ಉಳಿಸುವ ಅವಧಿ.

ಲ್ಯಾಂಥನಂ ಕಾರ್ಬೊನೇಟನ್ನು ಡಯಾಲಿಸಿಸ್ ರೋಗಿಗಳು ಊಟದ ಜತೆ ಮಾತ್ರೆಯಾಗಿ ಅಗಿದು ನುಂಗುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಮಂಜೂರಾತಿ ದೊರೆಯಿತು. ಫಾಸ್ಫೇಟನ್ನು ಬಿಗಿಯಾಗಿ ಹಿಡಿಯುವ ಅದೇ ಗುಣದಿಂದ ಅದು ಅನ್ನದೊಳಗಿನ ಫಾಸ್ಫೇಟನ್ನು ಕರುಳಿನಲ್ಲೇ ಕಟ್ಟಿಹಾಕಿ ರಕ್ತಕ್ಕೆ ಹೋಗದಂತೆ ಮಾಡುತ್ತದೆ. ಕರುಳಿನಿಂದ ಲ್ಯಾಂಥನಂ ಒಳಗೆ ಹೀರಿಕೊಳ್ಳುವುದು ತೀರಾ ಅಲ್ಪ. ದೀರ್ಘಕಾಲ ಸೇವಿಸಿದ ಕೆಲವರ ಜಠರದ ಒಳಪೊರೆಯಲ್ಲಿ ಬಿಳಿಯ ಕಲೆಗಳಾಗಿ ಅದು ಸೇರಿರುವುದನ್ನು ಎಂಡೋಸ್ಕೋಪಿ ಮಾಡಿದವರು ನೋಡಿದ್ದಾರೆ.

ಎಲ್ಲಕ್ಕಿಂತ ಅನಿರೀಕ್ಷಿತವಾದದ್ದು ಹೃದಯದ ಕವಾಟದ ಸಂಗತಿ. ಹಂದಿಯ ಕವಾಟ ಅಥವಾ ದನದ ಹೃದಯಾವರಣವನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಹದ ಮಾಡಿ ತಯಾರಿಸಿದ ಕವಾಟಗಳು ಮನುಷ್ಯರೊಳಗೆ ಹೋದ ಮೇಲೆ ವರ್ಷಗಳಲ್ಲಿ ಸುಣ್ಣಗಟ್ಟಿ ಕೆಡುತ್ತವೆ; ಮಕ್ಕಳಲ್ಲಿ ಇದು ಇನ್ನೂ ಬೇಗ. ಇದನ್ನು ತಡೆಯುವ ದಾರಿ ಹುಡುಕುತ್ತಿದ್ದ ರಾಬರ್ಟ್ ಲೆವಿ, ಫ್ರೆಡರಿಕ್ ಶೋನ್ ಮತ್ತಿತರರು ಆ ಅಂಗಾಂಶವನ್ನು ಮೊದಲೇ ಅಲ್ಯೂಮಿನಿಯಂ ಕ್ಲೋರೈಡ್ ಅಥವಾ ಕಬ್ಬಿಣದ ಕ್ಲೋರೈಡಿನಲ್ಲಿ ನೆನೆಸಿ ಇಲಿಗಳ ಚರ್ಮದಡಿ ಇಟ್ಟು ನೋಡಿದರು. ಸುಣ್ಣಗಟ್ಟುವುದು ಬಹುಮಟ್ಟಿಗೆ ನಿಂತುಹೋಯಿತು. ಸೆಲ್ಯೆ ಅವರ ಇಲಿಗಳಲ್ಲಿ ಚರ್ಮವನ್ನು ಗಟ್ಟಿಮಾಡಿದ ಅವೇ ಎರಡು ಲವಣಗಳು ಇವು. ಅಪಟೈಟಿನಲ್ಲಿ ಹೊಂದದ ಈ ಚಿಕ್ಕ ಅಯಾನುಗಳು ಫಾಸ್ಫೇಟಿನ ಜತೆ ಸೇರಿ ಹರಳಿನ ಮೈಯನ್ನು ಮುಚ್ಚಿ ಬೆಳವಣಿಗೆ ತಡೆಯುತ್ತವೆ, ಸುಣ್ಣಗಟ್ಟಲು ನೆರವಾಗುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವದ ಕೆಲಸವನ್ನೂ ತಗ್ಗಿಸುತ್ತವೆ ಎಂಬುದು ಅವರ ವಿವರಣೆ. ಕವಾಟದ ತುಣುಕು ಆಗಲೇ ಸತ್ತ ಅಂಗಾಂಶ. ಅಲ್ಲಿ ಕೊಲ್ಲಲು ಕೋಶವಿಲ್ಲ, ಒಡೆಯಲು ಮಾಸ್ಟ್ ಕೋಶವಿಲ್ಲ, ವಿಟಮಿನ್ ಡಿ ಕೊಟ್ಟ ಸಿದ್ಧತೆಯೂ ಇಲ್ಲ. ಸಜೀವ ಚರ್ಮದಲ್ಲಿ ಗಾಯ ಮಾಡಿದ ಲವಣಕ್ಕೆ ಇಲ್ಲಿ ಹರಳನ್ನು ತಡೆಯುವ ರಾಸಾಯನಿಕ ಕೆಲಸವಷ್ಟೇ ಉಳಿದಿತ್ತು.